ಮುರಿದ ಪಾದದ ಗಂಟು, ಮತ್ತೆ ಗುಡ್ಡದ ದಾರಿ

ಮಳೆಗಾಲ ಆರಂಭವಾಯಿತೆಂದರೆ ಕಾಸರಗೋಡಿನ ಕಡೆಯ ನಮ್ಮ ಕೃಷಿಕರ ಮನೆಗಳಲ್ಲಿ ಎರಡು ಚಿಂತೆ. ಒಂದು, ಅಡಿಕೆಗೆ ಬರುವ ಕೊಳೆರೋಗ. ಇನ್ನೊಂದು, ಜಾರಿ ಬೀಳುವ ಭಯ. ತೋಟಕ್ಕಿಳಿಯುವ ಮುರಕಲ್ಲಿನ ಮೆಟ್ಟಿಲು, ಕಣಿಯ ಅಂಚು, ಹಟ್ಟಿಯ ಎದುರಿನ ಹಾಸುಗಲ್ಲು, ಎಲ್ಲಿ ನೋಡಿದರೂ ಪಾಚಿ. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಸಿಂಪಡಿಸಬೇಕೆಂದು ನಮಗೆಲ್ಲ ಗೊತ್ತು. ಜಾರಿ ಬಿದ್ದು ಬಾತ ಕಾಲಿಗೆ ಏನು ಮಾಡಬೇಕೆಂಬುದು ಮಾತ್ರ ಅನೇಕರಿಗೆ ಸರಿಯಾಗಿ ತಿಳಿಯದು. ನನಗೂ ತಿಳಿದಿರಲಿಲ್ಲ. ತಿಳಿಯದೆ ಮಾಡಿದ ತಪ್ಪುಗಳನ್ನೂ, ತಿಳಿದ ಮೇಲೆ ಕಂಡ ಗುಣವನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಬಿದ್ದದ್ದು ಹೇಗೆ

2022ರ ಜೂನ್ ತಿಂಗಳು. ಆಗ ನನಗೆ 52 ವರ್ಷ. ಮಳೆ ಸ್ವಲ್ಪ ಬಿಟ್ಟಿತ್ತು. ಮದ್ದು ಬಿಡಲು ಬಂದ ಆಳುಗಳಿಗೆ ಚಹಾ ಹಿಡಿದುಕೊಂಡು ತೋಟಕ್ಕೆ ಇಳಿಯುತ್ತಿದ್ದೆ. ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಮೂರನೆಯ ಮೆಟ್ಟಿಲಲ್ಲಿ ಬಲಗಾಲು ಜಾರಿತು, ಪಾದ ಒಳಕ್ಕೆ ಮಡಚಿತು, ಅದರ ಮೇಲೆ ನನ್ನ ಇಡೀ ಭಾರ ಬಿತ್ತು. ಒಣ ಕಟ್ಟಿಗೆ ಮುರಿದಂತಹ ಸದ್ದು ನನಗೇ ಕೇಳಿಸಿತು.

“ಪೊರ್ಬುಗಳೇ, ಏಳಬೇಡಿ, ಹಾಗೇ ಕೂತಿರಿ” ಎಂದು ಮರದ ಮೇಲಿದ್ದವನು ಕೂಗಿದ. ಅವನ ಮಾತು ಕೇಳದೆ ಎದ್ದು ನಿಲ್ಲಲು ಹೋದೆ. ಒಂದು ಹೆಜ್ಜೆಯೂ ಆಗಲಿಲ್ಲ.

ನನಗೆ ನೋವಿಗಿಂತ ಹೆಚ್ಚಾಗಿ ಬೇರೊಂದು ಚಿಂತೆ ಇತ್ತು. ನಮ್ಮ ತೋಟ ಇರುವುದು ಇಳಿಜಾರಿನಲ್ಲಿ. ನೀರು ಬರುವುದು ಗುಡ್ಡದೊಳಗೆ ತೋಡಿದ ಸುರಂಗದಿಂದ. ಅದನ್ನು ನೋಡಿಕೊಳ್ಳಬೇಕಾದರೆ ದಿನಕ್ಕೆರಡು ಸಲ ಗುಡ್ಡ ಹತ್ತಲೇಬೇಕು. ಅಲ್ಲದೆ ಪ್ರತಿ ವರ್ಷ ಜನವರಿಯಲ್ಲಿ ನಮ್ಮ ವಾಳೆಯ ಹತ್ತು ಹದಿನೈದು ಮಂದಿ ರಾಣಿಪುರಂ ಬೆಟ್ಟಕ್ಕೆ ಹೋಗುವ ಪದ್ಧತಿ ಇದೆ. ಕಾಞಂಗಾಡಿನಿಂದ ಪಾಣತ್ತೂರು ದಾರಿಯಲ್ಲಿ ಹೋಗಿ ಸೇರುವ, ಸುಮಾರು 1,000 ಮೀಟರ್ ಎತ್ತರದ ಈ ಬೆಟ್ಟಕ್ಕೆ ಹಿಂದೆ ಮಾಡತ್ತುಮಲ ಎಂಬ ಹೆಸರಿತ್ತು. 1970ರ ಸುಮಾರಿಗೆ ಅಲ್ಲಿ ನೆಲೆಸಿದ ಕಥೋಲಿಕ ಕೃಷಿಕರ ಕಾಲದಲ್ಲಿ ಅದು ರಾಣಿಪುರಂ ಆಯಿತು. ಇಪ್ಪತ್ತು ವರ್ಷಗಳಿಂದ ತಪ್ಪದೆ ಹತ್ತಿದ ಆ ಬೆಟ್ಟ ಇನ್ನು ನನ್ನ ಪಾಲಿಗೆ ಮುಗಿಯಿತೇ ಎಂಬ ಭಯ ಬಿದ್ದ ಗಳಿಗೆಯಲ್ಲೇ ಹೊಕ್ಕಿತು.

ಉಳುಕೋ, ಮುರಿತವೋ?

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. “ಬರೇ ಉಳುಕು, ಎಣ್ಣೆ ಹಚ್ಚಿದರೆ ಸರಿಯಾಗುತ್ತದೆ” ಎಂದು ಅಮ್ಮ. “ಬೆರಳು ಆಡುತ್ತದಲ್ಲ, ಮುರಿದಿರಲಿಕ್ಕಿಲ್ಲ” ಎಂದು ಪಕ್ಕದ ಮನೆಯವರು. ಬೆರಳು ಆಡಿದರೆ ಮೂಳೆ ಮುರಿದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹಳ ಮಂದಿಗೆ ಇದೆ. ಇದು ಸರಿಯಲ್ಲ. ಮೂಳೆ ಮುರಿದಿದ್ದರೂ ಬೆರಳು ಆಡಬಹುದು.

ಹಾಗಾದರೆ ತಿಳಿಯುವುದು ಹೇಗೆ? ಕೆನಡಾ ದೇಶದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಇದಕ್ಕೆ ಒಂದು ಸುಲಭ ಕ್ರಮವನ್ನು ಪ್ರಕಟಿಸಿದರು. ಇಂದು ಲೋಕದ ಅನೇಕ ಕಡೆ ವೈದ್ಯರು ಅದನ್ನೇ ಬಳಸುತ್ತಾರೆ. ಪಾದದ ಗಂಟಿನ ಬಳಿ ನೋವಿದ್ದು, ಈ ಕೆಳಗಿನವುಗಳಲ್ಲಿ ಒಂದಿದ್ದರೂ ಎಕ್ಸ್-ರೇ ತೆಗೆಸಬೇಕು.

1. ಬಿದ್ದ ಕೂಡಲೂ, ಆಮೇಲೆ ವೈದ್ಯರ ಬಳಿಯೂ, ಕುಂಟುತ್ತಾದರೂ ನಾಲ್ಕು ಹೆಜ್ಜೆ ನಡೆಯಲು ಆಗದಿರುವುದು.
2. ಹೊರಗಂಟಿನ ತುದಿಯಲ್ಲಿ ಅಥವಾ ಅದರ ಹಿಂದಿನ ಅಂಚಿನಲ್ಲಿ, ಕೆಳಗಿನ 6 ಸೆಂಟಿಮೀಟರ್ ಒಳಗೆ, ಮೂಳೆಯನ್ನು ಒತ್ತಿದಾಗ ನೋವು.
3. ಒಳಗಂಟಿನಲ್ಲಿಯೂ ಅದೇ ಜಾಗದಲ್ಲಿ ಒತ್ತಿದಾಗ ನೋವು.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಮಾತ್ರ ಈ ಲೆಕ್ಕವನ್ನು ನಂಬಬಾರದು. ಅಂಥವರಿಗೆ ಮುರಿದರೂ ನೋವು ತಿಳಿಯದಿರಬಹುದು. ಚಿಕ್ಕ ಮಕ್ಕಳನ್ನೂ, ಕುಡಿದು ಬಿದ್ದವರನ್ನೂ ಹೀಗೆ ಅಳೆಯಲಾಗದು. ಇವರನ್ನೆಲ್ಲ ನೇರವಾಗಿ ವೈದ್ಯರಿಗೆ ತೋರಿಸಬೇಕು.

ಮೂರು ದಿನ ಹಾಳಾಯಿತು

ನಾನು ಆಸ್ಪತ್ರೆಗೆ ಹೋಗಲಿಲ್ಲ. ಎಲುಬು ಕಟ್ಟುವ ನಾಟಿ ವೈದ್ಯರೊಬ್ಬರ ಬಳಿಗೆ ಹೋದೆ. ಅವರು ತಿಕ್ಕಿ, ಎಳೆದು, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರು. ಮೂರನೆಯ ದಿನ ಬೆರಳುಗಳು ನೀಲಿಯಾಗಿ ಜೋಮು ಹಿಡಿದವು. ಹೆಂಡತಿ ಕಟ್ಟು ಬಿಚ್ಚಿ, ಜೀಪು ಮಾಡಿಸಿ ಮಂಗಳೂರಿಗೆ ಕರೆದುಕೊಂಡು ಹೋದಳು.

ಮೂಳೆ ಡಾಕ್ಟರು ಬೈಯಲಿಲ್ಲ. ಆದರೆ ಎರಡು ವಿಷಯ ಹೇಳಿದರು. ಒಂದು, ಬಾವು ಏರುತ್ತಿರುವ ಕಾಲಿಗೆ ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಟ ನಿಂತು ಕಾಲು ಕೊಳೆಯುವುದುಂಟು, ಕತ್ತರಿಸಬೇಕಾದ ಪ್ರಸಂಗವೂ ಬರುತ್ತದೆ. ಎರಡು, ಪಾದದ ಗಂಟು ಇಕ್ಕಳದ ಹಾಗೆ. ಕಣಕಾಲಿನ ಎರಡು ಮೂಳೆಗಳ ತುದಿಗಳು ಪಾದದ ಮೂಳೆಯನ್ನು ಎರಡು ಬದಿಯಿಂದ ಹಿಡಿದಿರುತ್ತವೆ. 1976ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಪ್ರಯೋಗ ಮಾಡಿ ತೋರಿಸಿದಂತೆ, ಆ ಪಾದದ ಮೂಳೆ ಬರೇ 1 ಮಿಲಿಮೀಟರ್ ಹೊರಕ್ಕೆ ಸರಿದರೂ ಮೂಳೆಗೆ ಮೂಳೆ ತಾಗುವ ಜಾಗ ಸರಾಸರಿ 42 ಶೇಕಡಾ ಕಡಿಮೆಯಾಗುತ್ತದೆ. ಉಳಿದ ಸ್ವಲ್ಪ ಜಾಗದ ಮೇಲೆ ಭಾರವೆಲ್ಲ ಬಿದ್ದು ಕೀಲು ಬೇಗ ಸವೆಯುತ್ತದೆ. ಒಂದು ಮಿಲಿಮೀಟರ್ ಸರಿದದ್ದನ್ನು ಕೈಯಿಂದ ಮುಟ್ಟಿ ಯಾರೂ ಹೇಳಲಾರರು. ಅದಕ್ಕೆ ಎಕ್ಸ್-ರೇಯೇ ಬೇಕು.

ಆದ್ದರಿಂದ ಓದುಗರೇ, ಬಿದ್ದವರ ಕಾಲನ್ನು ತಿಕ್ಕಬೇಡಿ, ಎಳೆಯಬೇಡಿ. ಇದ್ದ ಹಾಗೆಯೇ ದಿಂಬು ಅಥವಾ ಮಡಚಿದ ಕಂಬಳಿಯಲ್ಲಿ ಸುತ್ತಿ, ಸಡಿಲವಾಗಿ ಕಟ್ಟಿ, ಕಾಲು ಎತ್ತರಕ್ಕಿಟ್ಟು ಕರೆದೊಯ್ಯಿರಿ. ಬೆರಳುಗಳ ಬಣ್ಣ ನೋಡುತ್ತಿರಿ. ಚರ್ಮ ಒಡೆದು ಗಾಯವಾಗಿದ್ದರೆ ಶುದ್ಧ ಬಟ್ಟೆ ಮುಚ್ಚಿ, ಒಂದು ಗಳಿಗೆಯೂ ತಡ ಮಾಡಬೇಡಿ.

ಭಾರ ಹಾಕಬಾರದ ಆರು ವಾರ

ಮೂಳೆ ಸರಿಯದೆ ಬರೇ ಬಿರುಕು ಬಿಟ್ಟಿದ್ದರೆ ಸಾಮಾನ್ಯವಾಗಿ ಆರು ವಾರ ಪ್ಲಾಸ್ಟರ್ ಅಥವಾ ಬೂಟು ಸಾಕಾಗುತ್ತದೆ. ನನ್ನ ಎರಡೂ ಗಂಟು ಮುರಿದು ಕೀಲು ಸರಿದಿತ್ತು. ಬಾವು ಇಳಿಯಲು ಒಂದು ವಾರ ಕಾದು, ಆಮೇಲೆ ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದರು. ಮತ್ತೆ ಆರು ವಾರ ನೆಲಕ್ಕೆ ಭಾರ ಹಾಕಬಾರದು ಎಂದರು. ಇಂತಹ ಅವಧಿ ಎಲ್ಲರಿಗೂ ಒಂದೇ ಅಲ್ಲ. ಮುರಿತ ನೋಡಿ ವೈದ್ಯರು ಹೇಳಿದ್ದನ್ನು ಪಾಲಿಸಬೇಕು.

ಸುಮ್ಮನೆ ಮಲಗುವುದೇ ಚಿಕಿತ್ಸೆ ಎಂದು ತಿಳಿಯಬಾರದು. ದಿನದ ಹೆಚ್ಚಿನ ಹೊತ್ತು ಕಾಲನ್ನು ಎದೆಗಿಂತ ಎತ್ತರದಲ್ಲಿಡಬೇಕು. ಗಂಟೆಗೊಮ್ಮೆ ಬೆರಳುಗಳನ್ನು ಮಡಚಿ ಬಿಡಿಸಬೇಕು. ಮೊಣಕಾಲು ನೆಟ್ಟಗಿಟ್ಟು ತೊಡೆಯನ್ನು ಬಿಗಿದು ಐದು ಎಣಿಸಿ ಬಿಡಬೇಕು. ಮೀನಖಂಡದಲ್ಲಿ ಹೊಸದಾಗಿ ನೋವು, ಬಾವು ಬಂದರೆ, ಅಥವಾ ಫಕ್ಕನೆ ಉಸಿರು ಕಟ್ಟಿದರೆ, ರಕ್ತ ಹೆಪ್ಪುಗಟ್ಟಿರಬಹುದು. ಆಗ ರಾತ್ರಿಯೇ ಆದರೂ ಆಸ್ಪತ್ರೆಗೆ ಹೋಗಬೇಕು.

ಊಟದ ವಿಷಯ. ಆಡಿನ ಕಾಲಿನ ಸೂಪು ಕುಡಿದರೆ ಮೂಳೆ ಬೇಗ ಕೂಡುತ್ತದೆಂದು ನೆಂಟರೆಲ್ಲ ಪಾತ್ರೆ ಹಿಡಿದು ಬಂದರು. ಪ್ರೀತಿಯಿಂದ ತಂದದ್ದನ್ನು ಕುಡಿದೆ. ಆದರೆ ಸೂಪಿನಲ್ಲಿ ಇಳಿಯುವ ಸುಣ್ಣದಂಶ ಬಹಳ ಕಡಿಮೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶ ಇದೆ. ಹಾಲು, ಮೊಸರು, ನುಗ್ಗೆಸೊಪ್ಪು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು, ಇವೂ ಒಳ್ಳೆಯವು. ಮೂಳೆಗೂ ಸ್ನಾಯುವಿಗೂ ಪ್ರೋಟೀನು ಬೇಕು. ಅದಕ್ಕೆ ಹುರುಳಿ, ಹೆಸರು, ಮೊಟ್ಟೆ, ಮೀನು ಇವೆ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡಮಾಡುತ್ತವೆ. ಹೊಗೆಸೊಪ್ಪು ಹಾಕಿದ ಎಲೆ ಅಡಿಕೆಯನ್ನು ನಾನು ಆಗ ಬಿಟ್ಟವನು ಮತ್ತೆ ಮುಟ್ಟಲಿಲ್ಲ. ಅಡಿಕೆ ಬೆಳೆಯುವವನೇ ಹೀಗೆ ಹೇಳುತ್ತಾನಲ್ಲ ಎಂದು ನಗುವವರು ನಗಲಿ.

ಪ್ಲಾಸ್ಟರ್ ಬಿಚ್ಚಿದ ದಿನ

ಪ್ಲಾಸ್ಟರ್ ಬಿಚ್ಚಿದ ದಿನ ಸಂತೋಷದ ದಿನವೆಂದು ಕಾದಿದ್ದೆ. ಆದರೆ ಕಾಲು ನೋಡಿ ಅಳು ಬಂತು. ಮೀನಖಂಡ ಕರಗಿ ಕಾಲು ಕೋಲಿನಂತಾಗಿತ್ತು. ಪಾದ ಮೇಲಕ್ಕೂ ಬಾರದು, ಕೆಳಕ್ಕೂ ಹೋಗದು. “ಮೂಳೆ ಕೂಡಿದೆ” ಎಂದರು ಡಾಕ್ಟರು. ನಡೆಯುವ ಕಾಲು ಮಾತ್ರ ಇನ್ನೂ ಬಂದಿರಲಿಲ್ಲ. ಮೂಳೆ ಕೂಡುವುದು ಒಂದು ಕೆಲಸ, ಕಾಲು ಕೂಡಿಬರುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಶರೀರ ತಾನೇ ಮಾಡುತ್ತದೆ. ಎರಡನೆಯದನ್ನು ನಾವು ಮಾಡಬೇಕು. ನಮ್ಮಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿಯೇ.

ನಾನೂ ಸೋತೆ. ಎಂಟನೆಯ ವಾರ, ಎರಡನೆಯ ಮದ್ದು ಬಿಡುವ ದಿನ, ಯಾರ ಮಾತೂ ಕೇಳದೆ ತೋಟಕ್ಕಿಳಿದೆ. ಸಂಜೆ ಕಾಲು ಕುಂಬಳಕಾಯಿಯಂತೆ ಬಾತು, ಎರಡು ವಾರ ಮತ್ತೆ ಮೂಲೆಗೆ ಬಿದ್ದೆ. ಆಮೇಲೆ ಫಿಸಿಯೋಥೆರಪಿಗೆ ಹೋದೆ. ಅಲ್ಲಿದ್ದ ಹುಡುಗಿಗೆ ನನ್ನ ಮಗಳ ಪ್ರಾಯ. “ಅಂಕಲ್, ನಿಮಗೆ ಏನು ಮಾಡಬೇಕೆಂದು ಆಸೆ?” ಎಂದು ಕೇಳಿದಳು. “ರಾಣಿಪುರಂ ಹತ್ತಬೇಕು” ಎಂದೆ. ಅವಳು ನಗಲಿಲ್ಲ. “ಹಾಗಾದರೆ ಹತ್ತುವುದನ್ನಲ್ಲ, ಇಳಿಯುವುದನ್ನು ಕಲಿಯೋಣ” ಎಂದಳು.

ಅವಳು ಕಲಿಸಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ನಿಮ್ಮ ವೈದ್ಯರು ಒಪ್ಪಿದ ಮೇಲೆಯೇ ಮಾಡಬೇಕು.

ಮೊದಲ ಹಂತ, ಬಿಗಿ ಬಿಡಿಸುವುದು. ಕುರ್ಚಿಯಲ್ಲಿ ಕೂತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಎಂದು ಅಕ್ಷರಮಾಲೆಯನ್ನು ಬರೆಯುವುದು. ಬೈರಾಸನ್ನು ಪಾದಕ್ಕೆ ಸಿಕ್ಕಿಸಿ ಮೆಲ್ಲನೆ ತನ್ನ ಕಡೆಗೆ ಎಳೆಯುವುದು. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಏಳದ ಹಾಗೆ ಮೊಣಕಾಲನ್ನು ಗೋಡೆಗೆ ತಾಗಿಸುವುದು. ಪಾದ ಮೇಲಕ್ಕೆ ಬಾಗದಿದ್ದರೆ ಇಳಿಜಾರಿನಲ್ಲಿ ಹಿಡಿತವೇ ಸಿಗದು.

ಎರಡನೆಯ ಹಂತ, ಬಲ ತರುವುದು. ಕಿಟಕಿಯ ಸರಳು ಹಿಡಿದು ಎರಡೂ ಕಾಲಿನಲ್ಲಿ ತುದಿಗಾಲ ಮೇಲೆ ಏಳುವುದು, ನಿಧಾನವಾಗಿ ಇಳಿಯುವುದು. ಕೆಲವು ವಾರದ ಮೇಲೆ ಎರಡು ಕಾಲಲ್ಲಿ ಎದ್ದು ಒಂದು ಕಾಲಲ್ಲಿ ಇಳಿಯುವುದು. ಕೊನೆಗೆ ಪೆಟ್ಟಾದ ಕಾಲೊಂದರಲ್ಲೇ ಏಳುವುದು.

ಮೂರನೆಯ ಹಂತ, ತೂಕ ಹಿಡಿಯುವುದು. ಪೆಟ್ಟಾದ ಕಾಲೊಂದರಲ್ಲೇ 30 ಸೆಕೆಂಡು ನಿಲ್ಲುವುದು. ಮೊದಲು ಕಣ್ಣು ತೆರೆದು, ಆಮೇಲೆ ಮಡಚಿದ ಕಂಬಳಿಯ ಮೇಲೆ. ಕೀಲಿನ ಸುತ್ತಲಿನ ಕಟ್ಟುಗಳಿಗೆ ಪೆಟ್ಟಾದಾಗ, ಪಾದ ಎಲ್ಲಿದೆ ಎಂದು ಕಣ್ಣಿಲ್ಲದೆ ತಿಳಿಯುವ ಶಕ್ತಿ ಕುಂದುತ್ತದೆ. ಅದಕ್ಕೇ ಒಮ್ಮೆ ಹೊರಳಿದ ಕಾಲು ಮತ್ತೆ ಮತ್ತೆ ಹೊರಳುವುದು. ನಾನು ದಿನಾಲೂ ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುತ್ತಿದ್ದೆ. ಮೊಮ್ಮಗುವಿಗೆ ಅದೊಂದು ಆಟವಾಗಿತ್ತು.

ಇದರೊಂದಿಗೆ ಎರಡು ಸಣ್ಣ ಸೂತ್ರಗಳು. ಊರುಗೋಲನ್ನು ಪೆಟ್ಟಾದ ಕಾಲಿನ ಬದಿಯಲ್ಲಿ ಅಲ್ಲ, ಅದರ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು.

ಅಂಗಳದಿಂದ ಗುಡ್ಡಕ್ಕೆ

ನಡಿಗೆಯನ್ನೂ ಕೃಷಿಯಂತೆ ಹಂತ ಹಂತವಾಗಿ ಮಾಡಿದೆ. ಮೊದಲು ಅಂಗಳದಲ್ಲಿ ಐದು ನಿಮಿಷ. ಆಮೇಲೆ ಡಾಮರು ರಸ್ತೆಯಲ್ಲಿ ಇಗರ್ಜಿಯವರೆಗೆ. ಆಮೇಲೆ ಗದ್ದೆಯ ಹುಣಿಯ ಮೇಲೆ. ಆಮೇಲೆ ತೋಟದ ಇಳಿಜಾರು. ಒಂದು ಹಂತದಿಂದ ಇನ್ನೊಂದಕ್ಕೆ ಹೋಗಲು ಒಂದೇ ಪರೀಕ್ಷೆ. ಮರುದಿನ ಬೆಳಿಗ್ಗೆ ಕಾಲು ನೋಡುವುದು. ನೋವು, ಬಾವು ಎಂದಿನಷ್ಟೇ ಇದ್ದರೆ ಸ್ವಲ್ಪ ಹೆಚ್ಚಿಸುವುದು, ಹೆಚ್ಚಾಗಿದ್ದರೆ ಒಂದು ಹಂತ ಹಿಂದೆ ಬರುವುದು. ಸಂಜೆಯ ಹೊತ್ತು ಸ್ವಲ್ಪ ಬಾವು ಆರು ತಿಂಗಳು, ಕೆಲವರಿಗೆ ಒಂದು ವರ್ಷದವರೆಗೂ ಬರುವುದುಂಟು. ರಾತ್ರಿ ಕಾಲೆತ್ತಿ ಮಲಗಿದಾಗ ಅದು ಇಳಿದರೆ ಭಯವಿಲ್ಲ. ನೋವು ದಿನೇ ದಿನೇ ಏರಿದರೆ, ಗಾಯದ ಜಾಗ ಕೆಂಪಾಗಿ ಬಿಸಿಯಾದರೆ, ಕೀಲು ಸಿಕ್ಕಿಕೊಂಡಂತಾದರೆ ವೈದ್ಯರಿಗೆ ತೋರಿಸಬೇಕು.

2023ರ ಜನವರಿ ಬಂತು. ಬಿದ್ದು ಏಳು ತಿಂಗಳು. ವಾಳೆಯವರು ರಾಣಿಪುರಂಗೆ ಹೊರಟರು. ನಾನೂ ಹೋದೆ. ಟಿಕೆಟ್ ಕೌಂಟರ್ ದಾಟಿ, ಕಾಡಿನ ನೆರಳಿನಲ್ಲಿ ಬೇರುಗಳ ಮೇಲೆ ಹತ್ತುತ್ತ ಅರ್ಧ ದಾರಿ ಮುಗಿಸಿದೆ. ಏದುಸಿರು ಇರಲಿಲ್ಲ. ಆದರೆ ಮೀನಖಂಡ ನಡುಗಲು ಶುರುವಾಯಿತು. “ಇಷ್ಟು ಬಂದಿದ್ದೀರಿ, ಇನ್ನು ಸ್ವಲ್ಪವೇ” ಎಂದರು ನಮ್ಮ ಗುರಿಕಾರರು. ಹುಡುಗಿಯ ಮಾತು ನೆನಪಾಯಿತು. ಬೆಟ್ಟದಲ್ಲಿ ಕಾಲು ಹೊರಳುವುದು ಹೆಚ್ಚಾಗಿ ಇಳಿಯುವಾಗ, ಅದೂ ಬಳಲಿದ ಮೇಲೆ. ಇಳಿಯುವಾಗ ಸ್ನಾಯು ಬಿಗಿದುಕೊಂಡೇ ಉದ್ದವಾಗುತ್ತ ಪ್ರತಿ ಹೆಜ್ಜೆಯಲ್ಲೂ ಇಡೀ ಶರೀರವನ್ನು ತಡೆದು ನಿಲ್ಲಿಸಬೇಕು. ತುದಿಯಲ್ಲಿ ನಿಂತಾಗ ಅರ್ಧದಷ್ಟಾದರೂ ಬಲ ಉಳಿದಿರಬೇಕು. ನನ್ನಲ್ಲಿ ಉಳಿದಿರಲಿಲ್ಲ. ಅಲ್ಲಿಂದಲೇ ಹಿಂದಿರುಗಿದೆ. ಕೆಳಗೆ ಜೀಪಿನ ಬಳಿ ಒಬ್ಬನೇ ಕೂತು ಬುತ್ತಿ ಬಿಚ್ಚಿದಾಗ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಕಾಲು ಬಾತಿರಲಿಲ್ಲ.

ಎರಡು ಕಾಲೂ ಮುರಿದವನ ಕಥೆ

ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟದ್ದು ಒಬ್ಬ ಪರ್ವತಾರೋಹಿಯ ಕಥೆ. ಇಂಗ್ಲೆಂಡಿನ ಡಗ್ ಸ್ಕಾಟ್ 1975ರಲ್ಲಿ ಡೂಗಲ್ ಹ್ಯಾಸ್ಟನ್ ಜೊತೆ ಎವರೆಸ್ಟ್ ಏರಿದವರು. 1977ರ ಜುಲೈ 13ರಂದು ಕ್ರಿಸ್ ಬಾನಿಂಗ್ಟನ್ ಜೊತೆಗೆ ಕಾರಕೋರಂ ಶ್ರೇಣಿಯ 7,285 ಮೀಟರ್ ಎತ್ತರದ ಓಗರ್ ಶಿಖರವನ್ನು ಮೊದಲ ಬಾರಿಗೆ ಹತ್ತಿದರು. ಇಳಿಯಲು ಆರಂಭಿಸಿದ ಕೂಡಲೇ ಮಂಜಿನ ಮೇಲೆ ಜಾರಿ, ಹಗ್ಗದಲ್ಲಿ ತೂಗಿ ಬಂಡೆಗೆ ಬಡಿದು, ಎರಡೂ ಕಾಲು ಪಾದದ ಗಂಟಿನ ಬಳಿ ಮುರಿದವು. ಬಿರುಗಾಳಿ, ಆಹಾರವಿಲ್ಲ. ಬಾನಿಂಗ್ಟನ್ ಅವರ ಪಕ್ಕೆಲುಬುಗಳೂ ಮುರಿದವು. ಮೊ ಆಂಥೊಯಿನ್, ಕ್ಲೈವ್ ರೋಲೆಂಡ್ ಎಂಬ ಇಬ್ಬರು ಸಂಗಾತಿಗಳ ನೆರವಿನಿಂದ ಸ್ಕಾಟ್ ಮೊಣಕಾಲಿನ ಮೇಲೆ ತೆವಳುತ್ತ ದಿನಗಟ್ಟಲೆ ಇಳಿದು ಬದುಕಿದರು. ಎರಡು ವರ್ಷ ತುಂಬುವ ಮೊದಲೇ, 1979ರ ಮೇ ತಿಂಗಳಲ್ಲಿ, ಅವರು ಪೀಟರ್ ಬೋರ್ಡ್‌ಮನ್, ಜೋ ಟಾಸ್ಕರ್ ಜೊತೆಗೆ ಆಮ್ಲಜನಕದ ಸಿಲಿಂಡರ್ ಇಲ್ಲದೆ 8,586 ಮೀಟರ್ ಎತ್ತರದ ಕಾಂಚನಜುಂಗಾ ಏರಿದರು. 2020ರಲ್ಲಿ ತೀರಿಕೊಂಡ ಅವರು, ಹಿಮಾಲಯದ ಜನರಿಗಾಗಿ ನೇಪಾಳದಲ್ಲಿ ಶಾಲೆ, ಆರೋಗ್ಯ ಕೇಂದ್ರಗಳನ್ನು ಕಟ್ಟಿಸುವ ಸೇವಾಸಂಸ್ಥೆಯನ್ನೂ ಸ್ಥಾಪಿಸಿದ್ದರು.

ಅವರಂಥ ಸಾಹಸ ನಮಗೆ ಬೇಡ. ಆದರೆ ಮುರಿದ ಗಂಟು ಬೆಟ್ಟದ ದಾರಿಯನ್ನು ಮುಚ್ಚಲೇಬೇಕೆಂದಿಲ್ಲ ಎಂಬುದಕ್ಕೆ ಆ ಕಥೆ ಸಾಕ್ಷಿ.

ಕೊನೆಗೂ ತುದಿ

ಹಿಂದಿರುಗಿ ಬಂದ ಮೇಲೆ ಮತ್ತೊಂದು ವರ್ಷ ಬಿಡದೆ ವ್ಯಾಯಾಮ ಮಾಡಿದೆ. ಫೆಬ್ರವರಿಯಲ್ಲಿ ಪೈವಳಿಕೆ ಕಡೆಯ ಪೊಸಡಿ ಗುಂಪೆ ಹತ್ತಿದೆ. ನಿಧಾನ ಮಾಡಿ ಎರಡು ಕೋಲು ಹಿಡಿದು ಇಳಿದೆ. ಮಳೆಗಾಲದ ಮೊದಲು ತೋಟದ ಮೆಟ್ಟಿಲುಗಳ ಪಾಚಿ ಕೆರೆದು, ಒಂದು ಬದಿಗೆ ಕೈ ಹಿಡಿಯಲು ಅಡಿಕೆ ಸಲಾಕೆಯ ಬೇಲಿ ಕಟ್ಟಿಸಿದೆ. ಹವಾಯಿ ಚಪ್ಪಲಿ ಬಿಟ್ಟು, ಅಡಿ ಹಲ್ಲುಹಲ್ಲಾಗಿರುವ ಬೂಟು ತಂದೆ. ಹುಡುಗಿ ಕೊಟ್ಟ ಪರೀಕ್ಷೆಗಳು ಮೂರು: ಪೆಟ್ಟಾದ ಕಾಲೊಂದರಲ್ಲೇ 20 ಸಲ ತುದಿಗಾಲೇಳುವುದು, 30 ಸೆಕೆಂಡು ಅಲುಗಾಡದೆ ನಿಲ್ಲುವುದು, ಮೆಟ್ಟಿಲಿನಿಂದ ಒಂಟಿಕಾಲಲ್ಲಿ ನಡುಗದೆ ಇಳಿಯುವುದು. ನವೆಂಬರಿನಲ್ಲಿ ಮೂರರಲ್ಲೂ ಪಾಸಾದೆ.

2024ರ ಜನವರಿಯಲ್ಲಿ ಮತ್ತೆ ರಾಣಿಪುರಂ. ಕಾಡು ಮುಗಿದು ಹುಲ್ಲುಗಾವಲು ಬಂತು. ಕೊನೆಯ ಬಂಡೆ ಹತ್ತಿ ನಿಂತೆ. ಒಂದು ಕಡೆ ಕೊಡಗಿನ ಕಡೆಯ ಬೆಟ್ಟಗಳ ಸಾಲು, ಇನ್ನೊಂದು ಕಡೆ ಸಮುದ್ರದ ಕಡೆಗೆ ಇಳಿಯುವ ನಮ್ಮ ನಾಡು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ಬುತ್ತಿ ಬಿಚ್ಚುವುದರಲ್ಲಿದ್ದರು. ಗುರಿಕಾರರು ಮಾತ್ರ, “ಇಳಿಯುವಾಗ ನೀವು ಮುಂದೆ ನಡೆಯಿರಿ, ನಿಮ್ಮ ಹೆಜ್ಜೆಗೆ ನಾವು ಬರುತ್ತೇವೆ” ಎಂದರು. ಎಲ್ಲರಿಗಿಂತ ನಿಧಾನವಾಗಿ ಇಳಿದೆವು. ಆ ದಿನ ಯಾರ ಕಾಲೂ ಹೊರಳಲಿಲ್ಲ.

ಪ್ಲೇಟು ಇನ್ನೂ ಕಾಲಿನಲ್ಲಿಯೇ ಇದೆ. ತೊಂದರೆ ಕೊಡದಿದ್ದರೆ ತೆಗೆಸಬೇಕಾಗಿಲ್ಲ ಎಂದಿದ್ದಾರೆ. ಚಳಿ ಬೆಳಗಿನಲ್ಲಿ ಗಂಟು ಸ್ವಲ್ಪ ಬಿಗಿಯುತ್ತದೆ. ಆಗ ಕಿಟಕಿಯ ಸರಳು ಹಿಡಿದು ಹತ್ತು ಸಲ ತುದಿಗಾಲೇಳುತ್ತೇನೆ, ಸುರಂಗದ ನೀರು ನೋಡಲು ಗುಡ್ಡ ಹತ್ತುತ್ತೇನೆ.

ನೆನಪಿರಲಿ

- ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ ಎಕ್ಸ್-ರೇ. ತಿಕ್ಕುವುದು, ಬಿಗಿಯಾಗಿ ಕಟ್ಟುವುದು ಬೇಡ.
- ಪ್ಲಾಸ್ಟರ್ ಬಿಚ್ಚಿದಾಗ ಚಿಕಿತ್ಸೆ ಅರ್ಧ ಮಾತ್ರ ಮುಗಿದಿರುತ್ತದೆ.
- ಇಂದಿನ ಕೆಲಸಕ್ಕೆ ನಾಳೆ ಬೆಳಗಿನ ಕಾಲೇ ಸಾಕ್ಷಿ.
- ಬೆಟ್ಟ ಹತ್ತುವ ಮೊದಲು ಇಳಿಯಲು ಕಲಿಯಿರಿ. ಬಲ ಅರ್ಧವಾದಾಗ ಹಿಂದಿರುಗಲು ನಾಚಬೇಡಿ. ಬೆಟ್ಟ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.
- ಮಳೆಗಾಲಕ್ಕೆ ಮೊದಲು ಮೆಟ್ಟಿಲಿನ ಪಾಚಿ ಕೆರೆಯಿರಿ. ಅರ್ಧ ದಿನದ ಕೆಲಸ, ಉಳಿಯುವುದು ಒಂದು ವರ್ಷ.